ಹಕ್ಕಿ ಕಾಯುವ ಕೂಗು, ನಾರ್ವೆಯ ಮೀನಿನ ಗೋದಾಮಿನಲ್ಲಿ

ಶೇಡಬಾಳ ಸ್ಟೇಷನ್

ಪರದೇಶಕ್ಕೆ ಹೋಗುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ, ನಮ್ಮ ಮನೆಯವರ ಹೊಟ್ಟೆಯಲ್ಲಿ ಬರೆದಿತ್ತು. ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆಯ ದ್ರಾಕ್ಷಿ ಹಡಗು ಹತ್ತಿ ಯುರೋಪಿಗೆ ಹೋಗಲು ಶುರುವಾಗಿತ್ತು. ಹೋದದ್ದೇನೋ ಹೋಯಿತು, ಹಿಂದೆಯೇ ನಾರ್ವೆಯ ವ್ಯಾಪಾರಿಯಿಂದ ಹಣ್ಣು ಮೆತ್ತಗಾಗಿವೆ ಎಂಬ ತಕರಾರು ಬಂತು. ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ ಎಂದು ಬೆಳೆಗಾರರೆಲ್ಲ ಸೇರಿ ತೀರ್ಮಾನ ಮಾಡಿದರು. ಇಂಗ್ಲಿಷು ಬರುವವರು ನಮ್ಮ ಮನೆಯವರು ಒಬ್ಬರೇ. ಆದರೆ ಅವರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಮುಟ್ಟದ ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗಳು ಬಾಯಿಗೆ ಹಾಕುವವರಲ್ಲ. ಮುಂಬಯಿಗೆ ಹೋದರೂ ಬಾಳೆಹಣ್ಣು ತಿಂದು ಸೊರಗಿ ಬರುವ ಮನುಷ್ಯ.

"ನೀನೂ ಹೋಗವಾ ಸುನಂದಾ," ಎಂದರು ನಮ್ಮ ಅತ್ತೆ. "ಇಲ್ಲಂದ್ರ ಅಂವಾ ಅಲ್ಲಿ ಉಪಾಸ ಬಿದ್ದ ಸಾಯ್ತಾನ."

ಹೀಗೆ ನಾನು ಅಡುಗೆಯವಳಾಗಿ ಪರದೇಶಕ್ಕೆ ಹೊರಟೆ. ಮೀರಜಿಗೆ ಹೋಗುವ ಗಾಡಿ ಹತ್ತಿಸಲು ಅರ್ಧ ಓಣಿ ಸ್ಟೇಷನ್ನಿಗೆ ಬಂದಿತ್ತು. ಒಬ್ಬರೂ ನಮ್ಮ ಮನೆಯವರಿಗೆ ದ್ರಾಕ್ಷಿಯ ಬಗ್ಗೆ ಬುದ್ಧಿ ಹೇಳಲಿಲ್ಲ. ಎಲ್ಲರೂ ನನಗೆ ಹೇಳುವವರೇ: ಅಲ್ಲಿ ಸಣ್ಣ ದನಿಯಲ್ಲಿ ಮಾತಾಡು, ನಿನ್ನ ದನಿ ಕೇಳಿ ಆ ಮಂದಿ ಹೆದರಿಗಿದರಿಯಾರು.

ಈ ನನ್ನ ದನಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ತೌರುಮನೆಯ ಜೋಳದ ಹೊಲದಲ್ಲಿ ಹಕ್ಕಿ ಕಾಯುವವಳು ನಾನು. ಬೇರೆಯವರ ಹೊಲದಲ್ಲಿ ಕವಣೆ ಬೀಸುತ್ತಿದ್ದರು. ನಮ್ಮದು ಜೈನರ ಮನೆ; ಕಲ್ಲು ತಾಗಿ ಗಿಣಿಯ ರೆಕ್ಕೆ ಮುರಿದರೆ ಪಾಪ ಯಾರ ತಲೆಗೆ? ಆದ್ದರಿಂದ ನಮ್ಮ ಹೊಲದಲ್ಲಿ ಕವಣೆ ಇಲ್ಲ, ಕಲ್ಲಿಲ್ಲ, ಬರೀ ಬಾಯಿ. ನಮ್ಮ ಸೋದರತ್ತೆ ಚಂಪಾಬಾಯಿ ನನ್ನನ್ನು ಅಟ್ಟದ ಮೇಲೆ ನಿಲ್ಲಿಸಿ ಕೂಗುವುದನ್ನು ಕಲಿಸಿದ್ದಳು. ತೆನೆಗೆ ಹಾಲು ತುಂಬಿದ ದಿನದಿಂದ ಕೊಯ್ಲಿನವರೆಗೆ, ಬೆಳಗಿನಿಂದ ಸಂಜೆಯವರೆಗೆ ಕೂಗಿದರೂ ನಮ್ಮ ಗಂಟಲು ಒಡೆಯುತ್ತಿರಲಿಲ್ಲ. ಒಂದು ಹಕ್ಕಿಗೂ ಪೆಟ್ಟಾಗುತ್ತಿರಲಿಲ್ಲ. ಲಗ್ನವಾಗಿ ಶೇಡಬಾಳಕ್ಕೆ ಬಂದ ಮೇಲೆ ಆ ಕೂಗು ನಿಂತಿತು. ಸೊಸೆಯ ದನಿ ಹೊಸ್ತಿಲು ದಾಟಬಾರದು ಎಂಬುದು ಅತ್ತೆಯವರ ಶಾಸ್ತ್ರ. ದ್ರಾಕ್ಷಿ ಬಾಗದಲ್ಲಿ, ಎಂದರೆ ತೋಟದಲ್ಲಿ, ಗಿಣಿ ಓಡಿಸಲು ಆಳುಗಳಿದ್ದರು. ಅವರ ಕೂಗು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟು ಕೆಟ್ಟದಾಗಿ ಕೂಗುತ್ತಿದ್ದರು.

ವಿಮಾನ ಇಳಿದ ಕಡೆ

ನಮ್ಮ ಸಾಮಾನು ತಪಾಸಣೆ ಮಾಡಿದ ಅಧಿಕಾರಿ ಎತ್ತರದ ಆಳು, ಮುಖದಲ್ಲಿ ನಗುವಿನ ಸುಳಿವಿಲ್ಲ. ಬಿಳಿ ಅರಿವೆಯ ಗಂಟು ಬಿಚ್ಚಿದ. ಒಳಗೆ ಕಟಕ ರೊಟ್ಟಿಯ ಎತ್ತರದ ಥಪ್ಪಿ. ಒಂದನ್ನು ಎತ್ತಿ ಬೆರಳಿನಿಂದ ಟಣಟಣ ಬಡಿದು ನೋಡಿದ. ಏನಿದು ಎಂದು ಕೇಳಿದ. ಇವರು ಬ್ರೆಡ್ಡು ಎಂದರು. ಅವನು ನಂಬಲಿಲ್ಲ. ನಾನು ಒಂದು ಮುರಿದು, ಗುರೆಳ್ಳು ಚಟ್ನಿ ಹಚ್ಚಿ ಅವನ ಕೈಗೆ ಕೊಟ್ಟೆ. ತಿಂದ. ಕಣ್ಣಲ್ಲಿ ನೀರು ಬಂತು, ಮೂಗು ಕೆಂಪಾಯಿತು, ಆದರೂ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡೇ ನಮ್ಮನ್ನು ಬಿಟ್ಟ.

"ಲಂಚಾ ಕೊಟ್ಟಿ ನೀ," ಎಂದು ಇವರು ಹೊರಗೆ ಬಂದ ಮೇಲೆ ಗೊಣಗಿದರು.

"ಪಾಪ, ಹಸದಿದ್ದಾ ಅಂವಾ," ಎಂದೆ.

ಬಂದರಿನ ಊರು

ದ್ರಾಕ್ಷಿ ತರಿಸುವ ವ್ಯಾಪಾರಿಯ ಹೆಸರು ಆರ್ನೆ. ಹೆಂಡತಿ ತೀರಿಕೊಂಡಿದ್ದಳು. ಸಮುದ್ರದ ದಂಡೆಯ ಮರದ ಮನೆಯಲ್ಲಿ ಮಗ ಎರಿಕ್ ಜೊತೆ ಇದ್ದ. ನಮಗೆ ಮೇಲಿನ ಕೋಣೆ ಬಿಟ್ಟುಕೊಟ್ಟ. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ಮನೆ ನೋಡಿ ನನಗೆ ಅರ್ಧ ಸಮಾಧಾನವಾಯಿತು. ಸಂಜೆ ಐದಕ್ಕೆಲ್ಲ ಅವರು ರಾತ್ರಿಯ ಊಟ ಮುಗಿಸಿದ್ದು ನೋಡಿ ಇವರು ನನ್ನ ಕಿವಿಯಲ್ಲಿ, "ಇವ್ರೂ ನಮ್ಮ ಪೈಕಿ ಏನ?" ಎಂದರು. ತಾಟಿನಲ್ಲಿ ಮೀನು, ಬಟಾಟೆ ಕಂಡ ಮೇಲೆ ಆ ಆಸೆ ಬಿಟ್ಟರು.

ಸೂರ್ಯನೇ ನಮಗೆ ಕೈಕೊಟ್ಟದ್ದು. ಅದು ಮೇ ತಿಂಗಳು. ಆ ದೇಶದ ಉತ್ತರ ತುದಿಯ ಆ ಊರಿನಲ್ಲಿ ಆಗ ಹೊತ್ತು ಮುಳುಗುವ ಮಾತೇ ಇಲ್ಲ. ನಮ್ಮ ಮಲಗುವ ಹೊತ್ತಿಗೂ ಕಿಟಕಿಯಲ್ಲಿ ಬಿಸಿಲು. ಊಟ ಮಾಡಿ ಕೈತೊಳೆದ ಇವರು ಕಿಟಕಿ ನೋಡುವುದು, ಹೊತ್ತಿನ್ನೂ ಐತಿ ಎಂದು ಮತ್ತೆ ಒಂದು ರೊಟ್ಟಿ ಕೇಳುವುದು. ಉಪವಾಸ ಬಿದ್ದು ಸಾಯುತ್ತಾನೆಂದು ಅತ್ತೆ ಹೆದರಿದ್ದ ಮನುಷ್ಯ ತಿಂದು ತಿಂದು ಹೊಟ್ಟೆನೋವು ಮಾಡಿಕೊಂಡ. ಸೂರ್ಯನನ್ನು ಬಿಟ್ಟು ಊರ ಗಡಿಯಾರವನ್ನೇ ನಂಬಿರಿ ಎಂದು ನಾನು ಕಡೆಗೆ ಕಟ್ಟಪ್ಪಣೆ ಮಾಡಬೇಕಾಯಿತು.

ಇನ್ನು ಆ ಊರಿನ ಮೌನ. ಬಸ್ಸಿನಲ್ಲಿ ಎರಡು ಸೀಟಿಗೆ ಒಬ್ಬರೇ, ಪಕ್ಕದಲ್ಲಿ ಯಾರೂ ಕೂಡುವುದಿಲ್ಲ. ಎದುರು ಬಂದವರು ಎಲ್ಲಿಗೆ ಹೊರಟಿರಿ, ಊಟ ಆಯಿತೇ ಎಂದು ಕೇಳುವುದಿಲ್ಲ. ಕೂಸುಗಳು ಕೂಡ ತಳ್ಳುಗಾಡಿಯಲ್ಲಿ ಬಾಯಿ ಮುಚ್ಚಿಕೊಂಡು ಆಕಾಶ ನೋಡುತ್ತವೆ. ನಮ್ಮ ಕಾಗವಾಡದ ಸಂತೆಯಲ್ಲಿ ಒಬ್ಬ ಬದನೆಕಾಯಿ ಮಾರುವವನು ಮಾಡುವ ಗದ್ದಲವನ್ನು ಈ ಇಡೀ ಊರು ವರ್ಷಕ್ಕೂ ಮಾಡಲಾರದು ಎನಿಸಿತು.

ದ್ರಾಕ್ಷಿಯ ಕೆಲಸ ಬೇಗ ಬಗೆಹರಿಯಿತು. ಬಿಸಿಲಲ್ಲಿ ಕೊಯ್ದ ಗೊನೆ ತಣ್ಣಗಾಗುವ ಮೊದಲೇ ನಮ್ಮವರು ಪೆಟ್ಟಿಗೆಗೆ ತುಂಬುತ್ತಿದ್ದರು, ತಪ್ಪು ನಮ್ಮದೇ. ಮುಂದಿನ ಹಡಗಿನ ಪೆಟ್ಟಿಗೆಗಳನ್ನೂ ನೋಡಿಯೇ ಹೋಗಿ ಎಂದು ಆರ್ನೆ ಹೇಳಿದ್ದರಿಂದ ಇನ್ನೊಂದು ವಾರ ಅಲ್ಲೇ ಉಳಿದೆವು.

ಆರ್ನೆಯ ನೆಲಮಾಳಿಗೆ

ಒಂದು ಬೆಳಿಗ್ಗೆ ಬೇಳೆ ಬೇಯಲಿಕ್ಕೆ ಇಟ್ಟಿದ್ದೆ. ಕಾಲ ಕೆಳಗಿನಿಂದ ಒಂದು ಸದ್ದು ಬಂತು. ಈಯುವ ಎಮ್ಮೆ ನೋವು ತಿನ್ನುವಂಥ ಸದ್ದು. ಯಾರಿಗೋ ಪ್ರಾಣಕ್ಕೆ ಬಂದಿದೆ ಎಂದುಕೊಂಡು ಒಂದು ಕೈಯಲ್ಲಿ ನೀರಿನ ಚೆಂಬು, ಇನ್ನೊಂದರಲ್ಲಿ ಸವಟು ಹಿಡಿದು ಮೆಟ್ಟಿಲಿಳಿದು ಓಡಿದೆ. ಅಲ್ಲಿ ಎರಿಕ್ ನಿಂತಿದ್ದ. ಬೆನ್ನಿನವರೆಗೆ ಕೂದಲು, ಕರಿ ಅಂಗಿ, ಕೈಯಲ್ಲಿ ಹಾಡಿನ ಹಾಳೆ. ನನ್ನನ್ನು ಕಂಡು ಗಾಬರಿಯಾದ. ನಾನು ನೀರು ಕೊಟ್ಟೆ. ಕುಡಿದು, ಕರವಸ್ತ್ರಕ್ಕೆ ಉಗುಳಿದ. ಉಗುಳಿನಲ್ಲಿ ರಕ್ತದ ಎಳೆಯಿತ್ತು.

ಇವರನ್ನು ಕರೆದು ಕೇಳಿಸಿದೆ. ಇಲ್ಲಿಂದ ಮುಂದೆ ಎರಿಕ್ ಆಡಿದ ಮಾತೆಲ್ಲ ನನಗೆ ಇವರ ಬಾಯಿಂದಲೇ ಬಂದದ್ದು. ಹೀಗಾಗಿ ನನ್ನ ನೆನಪಿನಲ್ಲಿ ಆ ನಾರ್ವೆಯ ಹುಡುಗ ಅಪ್ಪಟ ಶೇಡಬಾಳದವರಂತೆಯೇ ಮಾತಾಡುತ್ತಾನೆ.

"ಇದಕ್ಕ ಡೆತ್ ಮೆಟಲ್ ಅಂತಾರ್ರಿ, ಹಿಂಗ ಒದರಿ ಹಾಡೂ ಹಾಡು. ನಮ್ಮ ನಾಕ ಮಂದಿ ಗುಂಪೈತಿ. ರೆಕಾರ್ಡ್ ಮಾಡಾಕತ್ತೇವಿ. ಡ್ರಮ್ಮು, ಗಿಟಾರು ಎಲ್ಲಾ ಮುಗದಾವ. ನನ್ನ ದನಿ ಒಂದ ಉಳದೈತಿ. ಗಂಟಲಾ ಹೋಗೈತಿ."

ಎರಡು ಬೇಸಿಗೆ ಅವರು ಆ ಹಾಡುಗಳನ್ನು ಕಟ್ಟಿದ್ದರು. ಸ್ಟುಡಿಯೋ ಶನಿವಾರದವರೆಗೆ ಮಾತ್ರ ಅವರದು. ಆಮೇಲೆ ಅಲ್ಲಿಗೆ ಇಗರ್ಜಿಯ ಭಜನೆಯವರು ಬರುತ್ತಾರೆ. ರೆಕಾರ್ಡು ಹೊರತರಲು ಒಪ್ಪಿದ ಬೇರೆ ದೇಶದ ಕಂಪನಿಯವನು, ಅಷ್ಟರೊಳಗೆ ಟೇಪು ಬಾರದಿದ್ದರೆ ಇನ್ನೊಂದು ಗುಂಪನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ಡ್ರಮ್ಮಿನ ಹುಡುಗನಿಗೆ ಸೈನ್ಯದ ಕರೆ ಬಂದಿತ್ತು. ಶನಿವಾರ ತಪ್ಪಿದರೆ ಗುಂಪೇ ಇಲ್ಲ. ಎರಿಕ್ ಅಪ್ಪನ ಗೋದಾಮಿನಲ್ಲಿ ಹಣ್ಣಿನ ಪೆಟ್ಟಿಗೆ ಎತ್ತಬೇಕು, ಹಾಡಿನ ಮಾತು ಮತ್ತೆ ಎತ್ತಬಾರದು. ಅಪ್ಪ ಮಗನ ನಡುವೆ ಆದ ಕರಾರು ಅದು.

"ಹಾಡಿನ್ಯಾಗ ಏನ ಐತಿ ಕೇಳ್ರಿ," ಎಂದೆ.

ಇವರು ಹಾಳೆ ಓದಿಸಿ ಕೇಳಿ ಮುಖ ಸಿಂಡರಿಸಿದರು. "ಮೈ ಅಂದ್ರ ಕೊಳಿಯೂದು ಅಂತ. ಎಲುವು, ರಕ್ತಾ, ಹುಳಾ, ಮಣ್ಣು. ಏನ ಇದರ ಹೊಲಸು."

"ಹೊಲಸ ಯಾಕ? ಬಸ್ತಿಯೊಳಗ ಮುನಿಗಳು ಇದನ್ನ ಹೇಳ್ತಾರಲ್ರಿ. ಈ ದೇಹ ಅಶುಚಿ, ಇದಕ್ಕ ಆಸೆ ಮಾಡಬ್ಯಾಡ್ರಿ ಅಂತ. ನೀವು ಕೂತ ತೂಕಡಿಸ್ತೀರಿ, ನಿಮಗ ನೆನಪಿಲ್ಲ."

ಇವರು ಅದನ್ನು ಇಂಗ್ಲಿಷಿಗೆ ತಂದರೋ ಬಿಟ್ಟರೋ ಗೊತ್ತಿಲ್ಲ. ಆದರೆ ಎರಿಕ್ ನನ್ನನ್ನು ಬೇರೆಯೇ ಕಣ್ಣಿನಿಂದ ನೋಡಿದ. ಅವನಿಗೆ ಒಣಶುಂಠಿ ಕಷಾಯ ಕಾಸಿ ಕೊಟ್ಟೆ. ಅವನು ಅದಕ್ಕೆ ಜೇನು ಸುರಿದುಕೊಳ್ಳಲು ಹೋದ, ನಾನು ಬೆಲ್ಲ ಹಾಕಿದೆ. ಜೇನು ನಮಗೆ ನಿಷಿದ್ಧ, ನನ್ನ ಕಷಾಯಕ್ಕೂ ನಿಷಿದ್ಧ. ಒಂದು ದಿನವಿಡೀ ಅವನ ಬಾಯಿ ಮುಚ್ಚಿಸಿದೆ. ಮರುದಿನ ಕೂಗಿಸಿ ನೋಡಿದೆ. ಅವನು ಕುತ್ತಿಗೆಯ ನರ ಉಬ್ಬಿಸಿ ಗಂಟಲಿನಿಂದ ಕೂಗುತ್ತಿದ್ದ, ನಮ್ಮ ಬಾಗದ ಆಳುಗಳು ಕೂಗುವ ಹಾಗೆ. ನನಗೆ ಮತ್ತೆ ಮೈ ಉರಿಯಿತು.

"ಹಿಂಗಲ್ಲೋ ಯಪ್ಪಾ," ಎಂದೆ. ಸೆರಗು ಸೊಂಟಕ್ಕೆ ಬಿಗಿದೆ. ಮೇಲಿನ ಸಣ್ಣ ಕಿಟಕಿಯಲ್ಲಿ ಸಮುದ್ರದ ಆಚೆಯ ಗುಡ್ಡ ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂಗಿದೆ.

ಲಗ್ನವಾದ ಮೇಲೆ ಮೊದಲ ಸಲ ಕೂಗಿದ್ದು. ಎಲ್ಲಿ ಅಡಗಿ ಕೂತಿತ್ತೋ, ಪೂರ್ತಿ ಬಂತು. ಕಪಾಟಿನಲ್ಲಿ ಗಾಜಿನ ಲೋಟ ಝಣ್ಣೆಂದವು. ಮಹಡಿಯ ಮೇಲೆ ಏನೋ ಬಿದ್ದ ಸದ್ದಾಯಿತು, ಆರ್ನೆಯ ಕೈಯಿಂದ ಕಾಫಿ ಕಪ್ಪು. ನಾನು ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಎರಿಕ್ ಮಾತ್ರ ಕೈ ಮುಗಿದುಬಿಟ್ಟ. ಆ ದಿನದಿಂದ ಅವನು ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ. ಕಲಿಸಿದವರು ಇವರೇ.

ಮೀನಿನ ಗೋದಾಮು

ಸ್ಟುಡಿಯೋ ಇದ್ದದ್ದು ಒಂದು ಹಳೆಯ ಮೀನಿನ ಗೋದಾಮಿನಲ್ಲಿ. ಮೀನು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತಂತೆ, ವಾಸನೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಬಾಗಿಲಲ್ಲಿ ನಿಂತು ನಾನು ಒಳಗೆ ಬರಲಾರೆ ಎಂದೆ. ಎರಿಕ್ ಕೈಯಲ್ಲಿ ಕಷಾಯದ ಥರ್ಮಾಸು ಹಿಡಿದು ನಿಂತಿದ್ದ. ಅವನ ಮುಖ ನೋಡಲಾಗಲಿಲ್ಲ. ಮನಸ್ಸಿನಲ್ಲಿ ಣಮೋಕಾರ ಮಂತ್ರ ಅಂದುಕೊಳ್ಳುತ್ತ, ಮೂಗಿಗೆ ಸೆರಗು ಹಿಡಿದು ಒಳಗೆ ಹೋದೆ.

ಟೇಪಿನ ಯಂತ್ರದ ಮುಂದೆ ಒಬ್ಬ ಮುದುಕ ಕೂತಿದ್ದ. ಅವನ ಎದುರು ಗಾಜಿನ ಗೋಡೆ, ಅದರ ಆಚೆ ಹಾಡುವ ಜಾಗ. ಜೀವನವೆಲ್ಲ ಇಗರ್ಜಿಯ ಹಾಡು, ಅಕಾರ್ಡಿಯನ್ನಿನ ಕುಣಿತದ ಹಾಡು ರೆಕಾರ್ಡ್ ಮಾಡಿದವನು. ಈ ಹುಡುಗರ ಸಂಗೀತ ಅವನಿಗೆ ಸೇರುತ್ತಿರಲಿಲ್ಲ. ಕಿವಿಯಲ್ಲಿ ಹತ್ತಿ ತುರುಕಿಕೊಂಡೇ ಯಂತ್ರದ ಮುಳ್ಳು ನೋಡಿ ಕೆಲಸ ಮಾಡುತ್ತಿದ್ದ. ಮೊದಲು ನಮಗೆ ಹಾಡು ಕೇಳಿಸಿದರು. ಡ್ರಮ್ಮು ಎಂದರೆ ಡ್ರಮ್ಮೇ ಅಲ್ಲ, ತಗಡಿನ ಮಾಳಿಗೆಯ ಮೇಲೆ ಆಲಿಕಲ್ಲಿನ ಮಳೆ. ಗಿಟಾರು ನೆಲದೊಳಗಿನಿಂದ ಗುರ್ರೆನ್ನುತ್ತಿತ್ತು. ಇವರು ಎದೆ ಹಿಡಿದುಕೊಂಡರು. ನನಗೆ, ಸುಳ್ಳೇಕೆ ಹೇಳಲಿ, ಸೇರಿತು. ಆ ತುಟಿ ಬಿಚ್ಚದ ಊರಿನಲ್ಲಿ ಈ ಹುಡುಗರಾದರೂ ಬಾಯಿ ಬಿಟ್ಟರಲ್ಲ ಎನಿಸಿತು.

ಎರಿಕ್ ಹಾಡಿದ. ಬರಲಿಲ್ಲ. ಮತ್ತೆ ಹಾಡಿದ, ದನಿ ಹರಿದ ಅರಿವೆಯಾಯಿತು. ನನ್ನನ್ನು ನೋಡಿ ಬಾಯಿ ಅಗಲಿಸುವುದನ್ನಷ್ಟೇ ಅವನು ಕಲಿತಿದ್ದ. ಬಾಯಿಯಲ್ಲಿ ಏನಿದೆ?

"ನಿಮ್ಮ ಧೋತರಾ ಕೊಡ್ರಿ," ಎಂದು ಇವರಿಗೆ ಹೇಳಿದೆ.

"ಯಾವದು?"

"ಚೀಲದಾಗಿಂದು. ಉಟ್ಟದ್ದ ಕೊಡ್ರಿ ಅಂದ್ನೇನ?"

"ಅದ ಬಸ್ತಿಗೆ ಹೋಗೂ ಧೋತರಾ ಐತಿ," ಎಂದು ಇವರು ಗೊಣಗುತ್ತಲೇ ತೆಗೆದುಕೊಟ್ಟರು.

ಎರಿಕ್‌ನ ಹೊಕ್ಕುಳದ ಮೇಲೆ ಅದನ್ನು ನಾಕು ಸುತ್ತು ಬಿಗಿದೆ. ಚಂಪಾಬಾಯಿ ಅತ್ತೆ ನನಗೆ ಬಿಗಿದದ್ದು ಹೀಗೆಯೇ. ಉಸಿರು ಎಳೆದಾಗ ಹೊಟ್ಟೆ ಧೋತರವನ್ನು ನೂಕಬೇಕು, ಕೂಗುವಾಗಲೂ ನೂಕುತ್ತಲೇ ಇರಬೇಕು. ಗಂಟಲಿಗೆ ಕೆಲಸವೇ ಇಲ್ಲ, ಅದು ಬರೀ ಬಾಗಿಲು. ಹತ್ತಿರದ ಹಕ್ಕಿಗೆ ಕೂಗಬಾರದು, ಹೊಲದ ಆಚೆ ತುದಿಯ ಹಕ್ಕಿಗೆ ಕೂಗಬೇಕು. ಗೋದಾಮಿನ ಕೊನೆಯ ಗೋಡೆಗೆ ನನ್ನ ಕುಂಕುಮದಿಂದ ಒಂದು ಬೊಟ್ಟು ಇಟ್ಟು, ಗಿಣಿ ಅಲ್ಲಿದೆ ಎಂದೆ. ಇವರು ಒಂದೊಂದನ್ನೂ ಇಂಗ್ಲಿಷಿಗೆ ತಂದರು, ಹೊಕ್ಕುಳಕ್ಕೆ ಮಾತು ಸಿಗದೆ ತಮ್ಮ ಅಂಗಿ ಎತ್ತಿ ತೋರಿಸಿದರು.

ಮಧ್ಯಾಹ್ನದ ಹೊತ್ತಿಗೆ ಬಂತು. ನೆಲದಿಂದ ಎದ್ದು ಬಂದ ಹಾಗೆ, ದಪ್ಪಗೆ, ಕಪ್ಪಗೆ. ಉಗುಳಿನಲ್ಲಿ ರಕ್ತವಿಲ್ಲ. ಗಿಟಾರಿನ ಹುಡುಗ ಕೂತಲ್ಲಿಂದ ಎದ್ದು ನಿಂತ. ಮುಂದಿನ ದಿನಗಳಲ್ಲಿ ಒಂದೊಂದೇ ಹಾಡು ಮುಗಿಯುತ್ತ ಬಂತು. ನಾನು ಕಷಾಯ ಕಾಸುತ್ತಿದ್ದೆ, ಶೇಂಗಾ ಚಟ್ನಿ ಹಚ್ಚಿ ಎಲ್ಲರಿಗೂ ರೊಟ್ಟಿ ಕೊಡುತ್ತಿದ್ದೆ. ಆ ಕರಿ ಅಂಗಿಯ ಹುಡುಗರು ರಾಕ್ಷಸರ ಹಾಗೆ ಕೂಗಿ, ಆಮೇಲೆ ಸಾಲಾಗಿ ಕೂತು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ತಿಂದ ಮೇಲೆ ತಾಟು ತಾವೇ ತೊಳೆಯುತ್ತಿದ್ದರು. ಈ ಪದ್ಧತಿಯನ್ನು ಊರಿಗೆ ತರಲು ನಾನು ಇವತ್ತಿಗೂ ಪ್ರಯತ್ನ ಮಾಡುತ್ತಿದ್ದೇನೆ.

ಶನಿವಾರ

ಆ ರೆಕಾರ್ಡು ಮುಂದೆ ದೊಡ್ಡ ಹೆಸರು ಮಾಡಿತು. ಈ ಬಗೆಯ ಸಂಗೀತದಲ್ಲಿ ಅದಕ್ಕಿಂತ ಮೊದಲು, ಅದರ ನಂತರ ಎಂದು ಮಾತಾಡುತ್ತಾರಂತೆ. ಅದರ ಕೊನೆಯ ಹಾಡಿನ ಬಗ್ಗೆಯಂತೂ ಜನ ಏನೇನೋ ಕಥೆ ಕಟ್ಟಿದ್ದಾರೆ ಎಂದು ಎರಿಕ್ ಫೋನಿನಲ್ಲಿ ಹೇಳಿ ನಗುತ್ತಾನೆ. ಟೇಪು ಕೆಟ್ಟಿತ್ತು ಎಂಬುದು ಒಂದು ಕಥೆ. ಹಾಡುವವನು ಎಚ್ಚರ ತಪ್ಪಿ ಬಿದ್ದ ಎಂಬುದು ಇನ್ನೊಂದು. ಗೋದಾಮಿನಲ್ಲಿ ದೆವ್ವವಿತ್ತು ಎನ್ನುವವರೂ ಇದ್ದಾರೆ. ನಡೆದದ್ದು ಇಷ್ಟು.

ಕೊನೆಯ ಹಾಡಿನಲ್ಲಿ ವಾದ್ಯವೆಲ್ಲ ಒಮ್ಮೆಲೇ ನಿಂತುಬಿಡುತ್ತವೆ. ಆಮೇಲೆ ಒಂಟಿ ಕೂಗು, ಅಲ್ಲಿಗೆ ಮುಕ್ತಾಯ. ಆ ಕೂಗು ಮಾತ್ರ ಎರಿಕ್‌ಗೆ ಒಗ್ಗಿರಲಿಲ್ಲ. ವಾದ್ಯ ನಿಂತ ಗಳಿಗೆಯೇ ಅವಸರ ಮಾಡಿ ಕೂಗುತ್ತಿದ್ದ. ದನಿ ಚೆನ್ನಾಗಿತ್ತು, ಆದರೆ ಎದೆಗೆ ತಾಗುತ್ತಿರಲಿಲ್ಲ. ಮತ್ತೆ ಮತ್ತೆ ಮಾಡಿ ಅವನು ದಣಿದಿದ್ದ. ಇಗರ್ಜಿಯ ಭಜನೆಯವರು ಆಗಲೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಆರ್ನೆಯೂ ಬಂದು ಬಾಗಿಲ ಹತ್ತಿರ ನಿಂತಿದ್ದ. ಮಗನನ್ನು ಕರೆದೊಯ್ಯಲು ಬಂದನೋ, ಕೇಳಲು ಬಂದನೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

"ಕಾಕೂ, ಇದೊಂದ ನೀವ ಕೂಗ್ರಿ," ಎಂದ ಎರಿಕ್. "ನನಗ ಆಗವಲ್ತು."

ಆಸೆಯಾಯಿತು ನನಗೆ. ಬಹಳ ಆಸೆಯಾಯಿತು. ಆದರೂ ಬೇಡವೆಂದೆ. ಎರಡು ಬೇಸಿಗೆ ದುಡಿದವನು ಅವನು.

"ಗಿಣಿ ಭಾಳ ಶ್ಯಾಣ್ಯಾ ಇರ್ತಾವ," ಎಂದು ಹೇಳಿದೆ, ಇವರು ಹೇಳುತ್ತ ಹೋದರು. "ಒಂದ ಸವನ ಕೂಗಿದ್ರ ಅವಕ್ಕ ರೂಢಿ ಆಗಿಬಿಡ್ತೈತಿ, ನಿನ್ನ ಎದುರಿಗೇ ಕೂತ ತೆನಿ ತಿಂತಾವ. ಸುಮ್ಮನಿರಬೇಕು. ಬರ್ಲಿ, ಇನ್ನೂ ಹತ್ತರ ಬರ್ಲಿ. ಕೂಗಬೇಕ ಅಂತ ಗಂಟಲಾಗ ಬಂದಾಗ ನುಂಗಬೇಕು. ಮತ್ತ ಬರ್ತೈತಿ, ಮತ್ತ ನುಂಗು. ಅದು ಹೊಟ್ಟಿಗೆ ಇಳದ ಕೂತ ಮ್ಯಾಲೆ ಕೂಗು."

ಎರಿಕ್ ತಲೆ ಅಲ್ಲಾಡಿಸಿ ಗಾಜಿನ ಆಚೆ ಹೋಗಿ ನಿಂತ. ಧೋತರ ಬಿಗಿ ಮಾಡಿಕೊಂಡ. ಮುದುಕ ಟೇಪು ತಿರುಗಿಸಿದ. ಸುರುಳಿಯಲ್ಲಿ ಉಳಿದದ್ದು ಸ್ವಲ್ಪವೇ, ಇದೇ ಕಡೆಯ ಸಲ ಎಂದು ಇವರಿಗೆ ಹೇಳಿದ. ಹಾಡು ಓಡಿತು, ಆಲಿಕಲ್ಲು ಸುರಿಯಿತು, ಎಲ್ಲವೂ ಒಮ್ಮೆಲೇ ನಿಂತಿತು.

ಎರಿಕ್ ಕೂಗಲಿಲ್ಲ. ಕುಂಕುಮದ ಬೊಟ್ಟು ನೋಡುತ್ತ ನಿಂತ. ಅವನ ಗಂಟಲು ಮೇಲೆ ಬಂತು, ಕೆಳಗಿಳಿಯಿತು. ನುಂಗಿದ. ಮತ್ತೆ ನುಂಗಿದ. ಗಿಟಾರಿನ ಹುಡುಗ ಮುಖ ಮುಚ್ಚಿಕೊಂಡ, ಡ್ರಮ್ಮಿನವನು ಗೋಡೆಯ ಕಡೆ ತಿರುಗಿದ. ಕೆಟ್ಟಿತು, ಮರೆತುಬಿಟ್ಟ ಎಂದೇ ಎಲ್ಲರೂ ತಿಳಿದರು. ಮುದುಕನಿಗೂ ಹಾಗೇ ಅನಿಸಿ, ಟೇಪು ನಿಲ್ಲಿಸುವ ಗುಂಡಿಗೆ ಕೈ ಚಾಚಿದ.

ನಾನು ಅವನ ಮುಂಗೈ ಹಿಡಿದೆ.

ಪರಗಂಡಸಿನ ಕೈ ಮುಟ್ಟಿದವಳಲ್ಲ ನಾನು. ಹಿಂದೆ ನನ್ನ ಗಂಡ ನಿಂತಿದ್ದಾರೆ, ಬಾಗಿಲಲ್ಲಿ ಆರ್ನೆ ನಿಂತಿದ್ದಾನೆ, ಯಾವುದೂ ನೆನಪಾಗಲಿಲ್ಲ. ಮುದುಕ ಕೊಸರಿದ, ನಾನು ಬಿಡಲಿಲ್ಲ. ಹಕ್ಕಿ ಹತ್ತಿರ ಬರುತ್ತಿದೆ ಎಂಬುದು ಆ ಗೋದಾಮಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಗಾಜಿನ ಆಚೆ ಅವನಿಗೆ, ಈಚೆ ನನಗೆ. ಸುರುಳಿ ತಿರುಗುತ್ತಿತ್ತು. ಇನ್ನೂ ಇಲ್ಲ. ಇನ್ನೂ ಇಲ್ಲ. ಆಗ ಅವನ ಹೊಟ್ಟೆ ಧೋತರವನ್ನು ನೂಕಿದ್ದು ಕಂಡಿತು.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಗಾಜು ನಡುಗಿತು, ನನ್ನ ಹಲ್ಲು ನಡುಗಿತು, ಹೊರಗೆ ಬೆಂಚಿನ ಮೇಲಿದ್ದ ಭಜನೆಯವರು ದಡಬಡ ಎದ್ದ ಸದ್ದು ಕೇಳಿತು. ಕೂಗು ಮುಗಿದ ಹಿಂದೆಯೇ ಟೇಪಿನ ತುದಿ ಸುರುಳಿಯಿಂದ ಬಿಡಿಸಿಕೊಂಡು ಪಟಪಟ ಬಡಿಯತೊಡಗಿತು. ಮುದುಕ ಇನ್ನೊಂದು ಕೈಯಿಂದ ಕಿವಿಯ ಹತ್ತಿ ಕಿತ್ತು ಎಸೆದು, ಟೇಪನ್ನು ಮತ್ತೆ ಹಾಕಿ ಕೇಳಿಸುತ್ತೇನೆ, ನನ್ನ ಕೈ ಬಿಡಲು ಹೇಳು ಎಂದು ಇವರಿಗೆ ಹೇಳಿದನಂತೆ. ಇವರು ಅದನ್ನು ನನಗೆ ಹೇಳಲೇ ಇಲ್ಲ. ಗಾಜಿಗೆ ಮುಖ ಒತ್ತಿ ನಿಂತು, "ಭಲೇ ಮಗನ, ಭಲೇ," ಎನ್ನುತ್ತ ಅಳುತ್ತಿದ್ದರು. ಆರ್ನೆ ನಮ್ಮನ್ನೆಲ್ಲ ದಾಟಿ ಒಳಗೆ ಹೋಗಿ, ಆ ಮಾತಿಲ್ಲದ ಊರಿನ ಮನುಷ್ಯ, ಮಗನನ್ನು ಎತ್ತಿಯೇಬಿಟ್ಟ. ನಾನು ಮುದುಕನ ಕೈ ಬಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ನನ್ನದೊಂದು ಕೂಗು ಕೂಗಿದೆ.